ನೀರೊಳಗಿನ ಕಾಯಿಲ್

ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು ಎಂದು ಮನೆಯ ಸಣ್ಣ ಮಗುವಿಗೂ ಹೇಳಿಕೊಟ್ಟಿರುತ್ತೇವೆ. ಅದೇ ಮನೆಯ ಬಚ್ಚಲಿನಲ್ಲಿ, ಗೋಡೆಗೆ ನೇತುಹಾಕಿದ ಡಬ್ಬಿಯೊಂದರೊಳಗೆ 230 ವೋಲ್ಟಿನ ಕಾಯಿಲನ್ನು ನೀರಿಗೇ ಇಳಿಬಿಟ್ಟು, ಆ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುತ್ತೇವೆ. ಕಾಲಡಿ ಒದ್ದೆ ನೆಲ, ಮೈತುಂಬ ಸೋಪಿನ ನೊರೆ, ಕೈಯಲ್ಲಿ ಲೋಹದ ನಲ್ಲಿ. ಶಾಕ್ ಹೊಡೆಯುವುದಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಬೇಕೆಂದೇ ಮಾಡಹೊರಟರೂ ಕಷ್ಟ. ಆದರೂ ಲಕ್ಷಾಂತರ ಜನ ದಿನಾ ಬೆಳಿಗ್ಗೆ ಮಿಂದು, ತಲೆ ಒರೆಸಿಕೊಳ್ಳುತ್ತ ಹೊರಗೆ ಬರುತ್ತಾರೆ. ನಡುನಡುವೆ ಪತ್ರಿಕೆಯ ಒಳಪುಟದಲ್ಲಿ ಗೀಸರ್ ಶಾಕ್‌ನಿಂದಾದ ಸಾವಿನ ಸುದ್ದಿಯೂ ಬರುತ್ತದೆ. ಮಿಂದು ಬಂದವರನ್ನು ಕಾದದ್ದು ಯಾವುದು, ಬಾರದವರ ಮನೆಯಲ್ಲಿ ಕೈಕೊಟ್ಟದ್ದು ಯಾವುದು?

ತಾಮ್ರದ ಹಂಡೆಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದೀಪಾವಳಿಗೆ ನೀರು ತುಂಬುವ ಹಬ್ಬದಂದು ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ತುಂಬಿಸಿಟ್ಟ ಹಂಡೆಗೆ ಬೆಂಕಿ ಹೊರಗಿನಿಂದ ತಾಗುತ್ತಿತ್ತು. ನೀರಿಗೂ ಬೆಂಕಿಗೂ ನಡುವೆ ದಪ್ಪ ಲೋಹ. ವಿದ್ಯುತ್ತು ಬಂದ ಮೇಲೆ ಶಾಖದ ಮೂಲವೇ ನೀರೊಳಗೆ ಇಳಿಯಿತು. ಬ್ರೆಜಿಲ್ ದೇಶದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ಲಕ್ಷಗಟ್ಟಲೆ ಮನೆಗಳಲ್ಲಿ ಗೋಡೆಯ ಮೇಲೆ ಗೀಸರ್ ಇರುವುದಿಲ್ಲ. ತಲೆಯ ಮೇಲಿನ ಷವರಿನ ಬಾಯಿಯೊಳಗೇ ಕಾಯಿಲ್ ಇರುತ್ತದೆ, ಬಹಳ ಮಾದರಿಗಳಲ್ಲಿ ಯಾವ ಕವಚವೂ ಇಲ್ಲದ ಬರಿಯ ತಂತಿ. 5,500 ವಾಟಿನ ಆ ತಂತಿಯನ್ನು ಮುಟ್ಟಿಕೊಂಡೇ ನೀರು ಮೈಮೇಲೆ ಬೀಳುತ್ತದೆ. ಹೊರಗಿನಿಂದ ಹೋದವರು ಅದನ್ನು ಕಂಡು ಸ್ನಾನವನ್ನೇ ಮುಂದೂಡುವುದುಂಟು. ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ಆಮೇಲೆ ಬರೋಣ. ಮೊದಲು ನಮ್ಮ ಡಬ್ಬಿ.

ಒಂದು ಬಿಳಿ ಪುಡಿ

ಗೀಸರಿನ ಕಾಯಿಲನ್ನು ಹೊರಗೆ ತೆಗೆದು ನೋಡಿದರೆ ಕಾಣುವುದು ತಾಮ್ರದ ಅಥವಾ ನಿಕ್ಕಲ್, ಕಬ್ಬಿಣ, ಕ್ರೋಮಿಯಂ ಬೆರೆತ ಮಿಶ್ರಲೋಹದ ಬಾಗಿದ ಕೊಳವೆ. ಕರೆಂಟು ಹರಿಯುವುದು ಅದರಲ್ಲಿ ಅಲ್ಲ. ಕೊಳವೆಯ ನಟ್ಟನಡುವೆ ಸುರುಳಿ ಸುತ್ತಿದ ತೆಳ್ಳನೆಯ ನೈಕ್ರೋಮ್ ತಂತಿ ಇರುತ್ತದೆ. ಕೆಂಪಗೆ ಕಾಯುವುದು ಅದು. ತಂತಿಗೂ ಕೊಳವೆಗೂ ನಡುವಿನ ಜಾಗಕ್ಕೆ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಗಟ್ಟಿಯಾಗಿ ಒತ್ತಿ ತುಂಬಿರುತ್ತಾರೆ.

ಈ ಪುಡಿಯ ಗುಣ ಸ್ವಲ್ಪ ವಿಚಿತ್ರ. ಸಾಮಾನ್ಯವಾಗಿ ಶಾಖವನ್ನು ಚೆನ್ನಾಗಿ ದಾಟಿಸುವ ವಸ್ತು ವಿದ್ಯುತ್ತನ್ನೂ ದಾಟಿಸುತ್ತದೆ. ತಾಮ್ರ, ಅಲ್ಯೂಮಿನಿಯಂ, ಬೆಳ್ಳಿ ಎಲ್ಲವೂ ಹಾಗೆಯೇ. ವಿದ್ಯುತ್ತನ್ನು ತಡೆಯುವ ರಬ್ಬರು, ಮರ, ಪ್ಲಾಸ್ಟಿಕ್ಕು ಶಾಖವನ್ನೂ ತಡೆಯುತ್ತವೆ. ಮೆಗ್ನೀಸಿಯಂ ಆಕ್ಸೈಡು ಶಾಖಕ್ಕೆ ದಾರಿ ಬಿಟ್ಟು ಕರೆಂಟಿಗೆ ಬಾಗಿಲು ಮುಚ್ಚುತ್ತದೆ. ಗೀಸರಿನಿಂದ ಹಿಡಿದು ಇಸ್ತ್ರಿಪೆಟ್ಟಿಗೆಯವರೆಗೆ ಮನೆಯಲ್ಲಿ ಕಾಯುವ ಹಲವು ಸಾಮಾನುಗಳು ಕೆಲಸ ಮಾಡುತ್ತಿರುವುದು ಈ ಪುಡಿಯ ಕೃಪೆಯಿಂದ.

ಅದಕ್ಕೆ ಒಂದೇ ಚಟ: ತೇವ ಹೀರುವುದು. ಕೊಳವೆಯ ತುದಿಯ ಮುಚ್ಚಳ ಸಡಿಲವಾದರೆ, ಇಲ್ಲವೇ ಕೊಳವೆಯಲ್ಲೇ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಪುಡಿ ನೀರು ಕುಡಿಯತೊಡಗುತ್ತದೆ. ಬಿರುಕಿಗೆ ಕಾರಣ ಹೆಚ್ಚಾಗಿ ನಮ್ಮ ನೀರೇ. ಕೋಲಾರದ ಕಡೆಯ ಅಥವಾ ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರು ಗಡಸು. ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಕಾಯಿಲ್ ಮೇಲೆ ಪದರಪದರವಾಗಿ ಕೂರುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಟ್ಟುಕೊಡುವುದಿಲ್ಲ, ಕೊಳವೆ ಮಿತಿಮೀರಿ ಕಾಯುತ್ತದೆ, ಕೊನೆಗೆ ಸೀಳುತ್ತದೆ. ಗೀಸರ್ ಕಾಯುವಾಗ ಒಳಗಿನಿಂದ ಪಟಪಟ ಸದ್ದು ಬರುತ್ತಿದ್ದರೆ ಅದು ಈ ಪದರದ ಕೆಲಸ ಎಂದುಕೊಳ್ಳಬಹುದು.

ಹಾಗಾಗಿ ಕಾಯಿಲ್ ಒಂದಲ್ಲ ಒಂದು ದಿನ ಸೋರುತ್ತದೆ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಎಷ್ಟು ನಕ್ಷತ್ರದ ಗೀಸರ್ ತಂದರೂ ಇದು ತಪ್ಪುವುದಿಲ್ಲ. ಆ ದಿನ ಏನಾಗಬೇಕು ಎಂಬುದನ್ನು ತೀರ್ಮಾನಿಸುವ ಸಾಮಾನು ಡಬ್ಬಿಯೊಳಗೆ ಇರುವುದೇ ಇಲ್ಲ. ಇರುವುದು ಗೋಡೆಯೊಳಗೆ ಮತ್ತು ಮೀಟರ್ ಬೋರ್ಡಿನಲ್ಲಿ.

ಕರೆಂಟಿನ ಊರು ಟ್ರಾನ್ಸ್‌ಫಾರ್ಮರ್

ಕರೆಂಟು ಭೂಮಿಗೆ ಇಳಿಯಲು ಹಾತೊರೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಅದಕ್ಕೆ ಭೂಮಿಯಲ್ಲಿ ಆಸಕ್ತಿಯಿಲ್ಲ. ಎಲ್ಲಿಂದ ಹೊರಟಿತೋ ಅಲ್ಲಿಗೆ ಮರಳಬೇಕು, ಅಷ್ಟೆ. ಅದು ಹೊರಟದ್ದು ಬೀದಿಕೊನೆಯ ಟ್ರಾನ್ಸ್‌ಫಾರ್ಮರಿನಿಂದ. ಫೇಸ್ ತಂತಿಯಲ್ಲಿ ಮನೆಗೆ ಬಂದು, ಕಾಯಿಲನ್ನು ಕಾಯಿಸಿ, ನ್ಯೂಟ್ರಲ್ ತಂತಿಯಲ್ಲಿ ವಾಪಸು ಹೋಗುತ್ತದೆ. ನಿಜಕ್ಕೂ ಅದು ಸೆಕೆಂಡಿಗೆ ಐವತ್ತು ಸಲ ಹಿಂದೆಮುಂದೆ ತುಯ್ಯುವ ಹರಿವು, ಆದರೆ ನಮ್ಮ ಲೆಕ್ಕಕ್ಕೆ ಹೋಗುವುದು, ಬರುವುದು ಎಂದರೆ ಸಾಕು.

ಮಣ್ಣು ಈ ಕಥೆಯೊಳಗೆ ಬರುವುದು ನಾವು ಕರೆದುದರಿಂದ. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ತುದಿಯನ್ನು ಅಲ್ಲೇ ಕಂಬದ ಬುಡದಲ್ಲಿ ನೆಲಕ್ಕೆ ಹೂತಿರುತ್ತಾರೆ. ಇದರಿಂದ ಇಡೀ ಊರಿನ ನೆಲವೇ ಟ್ರಾನ್ಸ್‌ಫಾರ್ಮರಿಗೆ ಮರಳುವ ಎರಡನೆಯ ದಾರಿಯಾಗುತ್ತದೆ. ಕೆಟ್ಟ ಕಾಯಿಲಿನಿಂದ ತಪ್ಪಿಸಿಕೊಂಡ ಕರೆಂಟು ಗೀಸರಿನ ಲೋಹದ ಮೈಗೆ, ಅಲ್ಲಿಂದ ಪೈಪಿಗೆ, ನಲ್ಲಿಗೆ, ನಲ್ಲಿ ಹಿಡಿದ ಕೈಗೆ, ಎದೆಗೆ, ಒದ್ದೆ ಕಾಲಿಗೆ, ನೆಲಕ್ಕೆ, ನೆಲದೊಳಗಿಂದ ಕಂಬದ ಬುಡಕ್ಕೆ ಹೋಗಬಲ್ಲದು. ಒದ್ದೆ ಮೈ ಕರೆಂಟಿಗೆ ಒಡ್ಡುವ ತಡೆ ಸುಮಾರು 1,000 ಓಮ್. 230 ವೋಲ್ಟನ್ನು ಅದರಿಂದ ಭಾಗಿಸಿದರೆ 0.23 ಆಂಪ್, ಅಂದರೆ 230 ಮಿಲಿಆಂಪ್.

ಇದು ಎಷ್ಟು ದೊಡ್ಡದು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಚಾರ್ಲ್ಸ್ ಡಾಲ್ಜಿಯಲ್ ಎಂಬ ಪ್ರಾಧ್ಯಾಪಕರು ಕಳೆದ ಶತಮಾನದ ನಡುವಿನಲ್ಲಿ ಸ್ವಯಂಸೇವಕರ ಕೈಗೆ ಕರೆಂಟಿನ ತಂತಿ ಕೊಟ್ಟು ಇದನ್ನು ಅಳೆದರು. ಹಿಡಿದದ್ದನ್ನು ತಾನಾಗಿ ಬಿಡಲು ಸಾಧ್ಯವಾಗುವ ಮಿತಿ ಗಂಡಸರಲ್ಲಿ ಸರಾಸರಿ 16 ಮಿಲಿಆಂಪ್, ಹೆಂಗಸರಲ್ಲಿ 10.5. ಅದಕ್ಕಿಂತ ಹೆಚ್ಚಾದರೆ ಬೆರಳುಗಳು ಮುಷ್ಟಿ ಕಟ್ಟಿಕೊಂಡು ಬಿಚ್ಚುವುದೇ ಇಲ್ಲ. ಕರೆಂಟು ಎಳೆದುಕೊಂಡಿತು ಎಂದು ಹಳ್ಳಿಯಲ್ಲಿ ಹೇಳುವುದು ಈ ಸ್ಥಿತಿಗೆ. 30ರ ಆಚೆ ಉಸಿರಾಟದ ಸ್ನಾಯುಗಳಿಗೂ ಹೃದಯಕ್ಕೂ ಅಪಾಯ ಶುರುವಾಗುತ್ತದೆ. 230 ಮಿಲಿಆಂಪ್ ಒಂದು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯದ ಬಡಿತ ತಾಳ ತಪ್ಪಿ, ರಕ್ತ ಒತ್ತಲಾರದ ಬರಿಯ ನಡುಕವಾಗಿಬಿಡಬಹುದು.

ಎಂಸಿಬಿ ಕಾಯುವುದು ತಂತಿಯನ್ನು

ಮನೆಯಲ್ಲಿ ಎಂಸಿಬಿ ಇದೆ, ಏನಾದರೂ ಆದರೆ ಟ್ರಿಪ್ ಆಗುತ್ತದೆ ಎಂಬ ಧೈರ್ಯ ಬಹಳ ಜನರಿಗಿದೆ. ಲೆಕ್ಕ ನೋಡಿ. 2,000 ವಾಟಿನ ಗೀಸರ್ ಮಾಮೂಲಿಯಾಗಿ ಎಳೆಯುವುದು 8.7 ಆಂಪ್; 3,000 ವಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪ್. ಅದಕ್ಕೆ ಹಾಕಿರುವ ಎಂಸಿಬಿ 16 ಅಥವಾ 20 ಆಂಪಿನದು. ಮನುಷ್ಯನನ್ನು ಕೊಲ್ಲಲು ಕಾಲು ಆಂಪು ಕೂಡ ಬೇಡ. 8.7 ಇದ್ದದ್ದು 8.93 ಆದರೆ ಎಂಸಿಬಿಗೆ ಅದೊಂದು ಸುದ್ದಿಯೇ ಅಲ್ಲ. ಅದನ್ನು ಕೂರಿಸಿರುವುದು ಗೋಡೆಯೊಳಗಿನ ತಂತಿ ಕಾದು ಹೊತ್ತಿಕೊಳ್ಳದಿರಲಿ ಎಂದು. ಹಳೆಯ ಫ್ಯೂಸಿನ ಕೆಲಸವೂ ಅಷ್ಟೇ ಆಗಿತ್ತು.

ಹಾಗಾದರೆ ಮೂರನೆಯ ತಂತಿ, ಅಂದರೆ ಅರ್ಥ್? ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಅದೇ ಉದ್ದ, ಅದೇ ದಪ್ಪ. ಉದ್ದವಿರುವುದು ಚುಚ್ಚುವಾಗ ಎಲ್ಲಕ್ಕಿಂತ ಮೊದಲು ತಾಗಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು. ದಪ್ಪವಿರುವುದು ತಪ್ಪಿಯೂ ಫೇಸಿನ ತೂತಿಗೆ ಹೋಗದಿರಲಿ ಎಂದು. ಅದರ ಇನ್ನೊಂದು ತುದಿ ಮನೆಯ ಪಕ್ಕದ ಅರ್ಥ್ ಗುಂಡಿಯಲ್ಲಿ, ಉಪ್ಪು ಇದ್ದಿಲಿನ ನಡುವೆ ಹೂತ ಪೈಪಿಗೋ ತಗಡಿಗೋ ಸೇರಿರುತ್ತದೆ. ಗೀಸರಿನ ಮೈಗೆ ಬಂದ ಕರೆಂಟಿಗೆ ನಮ್ಮ ಮೈಗಿಂತ ಎಷ್ಟೋ ಪಾಲು ಸುಲಭವಾದ ದಾರಿಯನ್ನು ಇದು ತೆರೆದಿಡುತ್ತದೆ.

ಇಲ್ಲಿಗೆ ಸಮಸ್ಯೆ ಮುಗಿಯಿತು ಎಂದುಕೊಳ್ಳುವವರು ಇನ್ನೊಂದು ಲೆಕ್ಕ ಹಾಕಬೇಕು. ಇದನ್ನು ಯಾಕೋ ಯಾರೂ ಮನೆ ಕಟ್ಟಿಸುವವರಿಗೆ ಹೇಳುವುದಿಲ್ಲ. ನಿಮ್ಮ ಅರ್ಥ್ ಗುಂಡಿಯ ತಡೆ 8 ಓಮ್, ಕಂಬದ ಬುಡದ ಗುಂಡಿಯದು 2 ಓಮ್ ಎನ್ನಿ. ಒಟ್ಟು 10. ಕಾಯಿಲಿನ ತಂತಿ ಪೂರ್ತಿ ಮೈಗೆ ತಾಗಿದರೂ ಹರಿಯುವುದು 23 ಆಂಪ್. 16 ಆಂಪಿನ ಎಂಸಿಬಿ ಇದಕ್ಕೆ ಥಟ್ಟನೆ ಬೀಳುವುದಿಲ್ಲ. ಮನೆಗಳಲ್ಲಿ ಹಾಕುವ ಸಿ ವರ್ಗದ್ದು ಕ್ಷಣಾರ್ಧದಲ್ಲಿ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪ್ ಹರಿಯಬೇಕು. 23 ಆಂಪಿಗೆ ಅದು ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಯ ಹತ್ತಿರ ಕಾಯುತ್ತ ಕೂತಿರಬಹುದು. ಅಷ್ಟೂ ಹೊತ್ತು ಗೀಸರಿನ ಮೈಯಲ್ಲಿ 23ನ್ನು 8ರಿಂದ ಗುಣಿಸಿದಷ್ಟು, ಅಂದರೆ ಸುಮಾರು 184 ವೋಲ್ಟು ನಿಂತಿರುತ್ತದೆ. ಅರ್ಥ್ ಇದೆ, ಸರಿಯಾಗಿಯೇ ಇದೆ, ಆದರೂ ಮುಟ್ಟಿದವರಿಗೆ ಶಾಕ್.

ಅಪಾರ್ಟ್‌ಮೆಂಟಿನದೇ ಟ್ರಾನ್ಸ್‌ಫಾರ್ಮರ್ ಇದ್ದು, ಅದರ ನ್ಯೂಟ್ರಲಿನಿಂದಲೇ ಅರ್ಥ್ ತಂತಿಯನ್ನು ಪ್ರತಿ ಮನೆಗೆ ಎಳೆದಿದ್ದರೆ ಮಾತು ಬೇರೆ. ಅಲ್ಲಿ ಮಣ್ಣಿನ ತಡೆ ನಡುವೆ ಬರುವುದಿಲ್ಲ, ಎಂಸಿಬಿಯೇ ಬೀಳುತ್ತದೆ. ಬಿಡಿ ಮನೆಗಳಲ್ಲಿ, ಊರಮನೆಗಳಲ್ಲಿ ಮಣ್ಣನ್ನೇ ನಂಬಬೇಕು. ಚಿತ್ರದುರ್ಗದ ಕಲ್ಲುನೆಲದಲ್ಲಿ ಏಪ್ರಿಲ್ ತಿಂಗಳ ಒಣ ಮಣ್ಣು ಎಷ್ಟು ಓಮ್ ತೋರಿಸೀತು ಎಂದು ಊಹಿಸಿ.

ದೊಡ್ಡಿಯ ಬಾಗಿಲಲ್ಲಿ ಎಣಿಕೆ

ಕುರಿ ಕಾಯುವವನು ಬೆಳಿಗ್ಗೆ ದೊಡ್ಡಿಯ ಬಾಗಿಲಲ್ಲಿ ನಿಂತು ಹೊರಗೆ ಹೋದ ಕುರಿಗಳನ್ನು ಎಣಿಸುತ್ತಾನೆ, ಸಂಜೆ ಒಳಗೆ ಬಂದವನ್ನು ಎಣಿಸುತ್ತಾನೆ. ನೂರು ಹೋಗಿ ನೂರು ಬಂದರೆ ಸರಿ, ಸಾವಿರ ಹೋಗಿ ಸಾವಿರ ಬಂದರೂ ಸರಿ. ಒಂದು ಕಡಿಮೆಯಾದರೆ ಎಲ್ಲೋ ಬೇಲಿ ಮುರಿದಿದೆ ಎಂದರ್ಥ. ಯಾವ ಕುರಿ, ಯಾವ ಹೊಲ ಎಂದು ಅವನಿಗೆ ಆ ಕ್ಷಣಕ್ಕೆ ಗೊತ್ತಾಗಬೇಕಿಲ್ಲ.

ಎಂಸಿಬಿಗಳ ಸಾಲಿನಲ್ಲಿ ತುಸು ಅಗಲವಾಗಿ, ಸಣ್ಣದೊಂದು ಗುಂಡಿ ಹೊತ್ತು ಕೂತಿರುವ ಆರ್‌ಸಿಸಿಬಿ ಮಾಡುವುದು ಈ ಎಣಿಕೆಯನ್ನೇ. ಸೋರಿಕೆ ಕಾವಲು ಎಂದು ಕರೆಯೋಣ. ಅದರೊಳಗೆ ಕಾಂತಲೋಹದ ಒಂದು ಉಂಗುರವಿದೆ. ಮನೆಗೆ ಬರುವ ಫೇಸ್, ಮನೆಯಿಂದ ಮರಳುವ ನ್ಯೂಟ್ರಲ್ ಎರಡೂ ಆ ಉಂಗುರದ ಮೂಲಕವೇ ಹಾದುಹೋಗುತ್ತವೆ. ಕರೆಂಟು ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಒಂದು ತಂತಿಯಲ್ಲಿ ಆ ಕಡೆಗೆ, ಇನ್ನೊಂದರಲ್ಲಿ ಈ ಕಡೆಗೆ ಅಷ್ಟೇ ಕರೆಂಟು ಹರಿದರೆ ಎರಡು ಕ್ಷೇತ್ರಗಳೂ ಒಂದನ್ನೊಂದು ಅಳಿಸಿಹಾಕುತ್ತವೆ. ಉಂಗುರಕ್ಕೆ ಏನೂ ತಿಳಿಯುವುದಿಲ್ಲ. ಗೀಸರ್, ಮಿಕ್ಸಿ, ಇಸ್ತ್ರಿ ಎಲ್ಲ ಒಟ್ಟಿಗೆ ಓಡಿದರೂ ಅದು ಸುಮ್ಮನೆ.

ಹೋದದ್ದರಲ್ಲಿ ಒಂದು ಪಾಲು ನ್ಯೂಟ್ರಲಿನಲ್ಲಿ ಮರಳದೆ ಅರ್ಥ್ ತಂತಿಯಲ್ಲೋ ಯಾರದೋ ಮೈಯಲ್ಲೋ ಇಳಿದುಹೋಯಿತು ಎನ್ನಿ. ಲೆಕ್ಕ ತಪ್ಪಿತು. ಅಳಿಸದೆ ಉಳಿದ ಕಾಂತಕ್ಷೇತ್ರ ಉಂಗುರದಲ್ಲಿ ತುಯ್ಯುತ್ತದೆ, ಉಂಗುರಕ್ಕೆ ಸುತ್ತಿದ ಇನ್ನೊಂದು ನವಿರಾದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಅದು ಒಂದು ಚಿಲಕವನ್ನು ಜಾರಿಸುತ್ತದೆ. ಫೇಸ್, ನ್ಯೂಟ್ರಲ್ ಎರಡೂ ಕಡಿದುಬೀಳುತ್ತವೆ.

ಮನೆಗೆ ಹಾಕುವ ಸೋರಿಕೆ ಕಾವಲಿನ ಮೇಲೆ 30 ಮಿಲಿಆಂಪ್ ಎಂದು ಬರೆದಿರಬೇಕು. 100 ಅಥವಾ 300 ಎಂದು ಬರೆದಿರುವ ಪೆಟ್ಟಿಗೆಗಳೂ ಅಂಗಡಿಯಲ್ಲಿ ಸಿಗುತ್ತವೆ, ಹಲವು ಕಟ್ಟಡಗಳ ಮುಖ್ಯ ಬೋರ್ಡಿನಲ್ಲಿ ಅವೇ ಇರುತ್ತವೆ. ಅವು ಬೆಂಕಿ ತಡೆಯಲು ಸರಿ, ಪ್ರಾಣ ಉಳಿಸಲು ಸಾಲವು. ನಮ್ಮ ಮನೆಯಲ್ಲೂ ಇದೆ ಎಂದು ನಿಶ್ಚಿಂತರಾಗುವ ಮುನ್ನ ಟಾರ್ಚು ಹಿಡಿದು ಆ ಸಣ್ಣ ಅಕ್ಷರ ಓದಿಬಿಡಿ.

ಇನ್ನೊಂದು ಮಾತು ಬಿಡಿಸಿ ಹೇಳಬೇಕು. 30 ಎಂದರೆ 30ಕ್ಕಿಂತ ಹೆಚ್ಚು ಮೈಮೇಲೆ ಹರಿಯಲು ಬಿಡುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹರಿಯುವ ಪ್ರಮಾಣವನ್ನು ಅದು ತಡೆಯಲಾರದು. ನಿಮ್ಮ ಮೈಯ ತಡೆಗೆ ತಕ್ಕಂತೆ 230 ಮಿಲಿಆಂಪೂ ಹರಿದೀತು. ಅದು ಕಡಿತಗೊಳಿಸುವುದು ಅವಧಿಯನ್ನು. ಅಷ್ಟು ದೊಡ್ಡ ಸೋರಿಕೆಗೆ ಅದು 40 ಮಿಲಿಸೆಕೆಂಡಿನೊಳಗೆ ಬೀಳಬೇಕು ಎಂಬುದು ನಿಯಮ. ಹೃದಯದ ಒಂದು ಬಡಿತಕ್ಕೆ ಹಿಡಿಯುವ ಸಮಯ ಸುಮಾರು 800 ಮಿಲಿಸೆಕೆಂಡ್. ಬಡಿತದ ಇಪ್ಪತ್ತರಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಹೃದಯದ ತಾಳ ಕೆಡುವ ಸಾಧ್ಯತೆ ಬಹಳ ಕಡಿಮೆ. ಏಟು ಬೀಳುತ್ತದೆ, ಕೂಗಿಕೊಳ್ಳುತ್ತೇವೆ, ಬದುಕಿರುತ್ತೇವೆ.

ಈಗ ಅರ್ಥ್ ಮತ್ತು ಕಾವಲು ಎರಡನ್ನೂ ಜೋಡಿಸಿ ನೋಡಿ. ಕಾವಲು ಇದ್ದು ಅರ್ಥ್ ಇಲ್ಲದಿದ್ದರೆ, ಕೆಟ್ಟ ಗೀಸರಿನ ಮೈ 230 ವೋಲ್ಟಿನಲ್ಲಿ ಸದ್ದಿಲ್ಲದೆ ಕಾಯುತ್ತಿರುತ್ತದೆ. ಯಾರಾದರೂ ಮುಟ್ಟಿದಾಗಲೇ ಮೊದಲ ಕುರಿ ತಪ್ಪಿಸಿಕೊಳ್ಳುವುದು, ಅದೂ ಅವರ ಮೈಯ ಮೂಲಕ. ಅರ್ಥ್ ಕೂಡ ಇದ್ದರೆ ಕಾಯಿಲ್ ಸೋರಿದ ಗಳಿಗೆಯಲ್ಲೇ, ಬಚ್ಚಲಿನಲ್ಲಿ ಯಾರೂ ಇಲ್ಲದಿದ್ದರೂ, ಕರೆಂಟು ಅರ್ಥ್ ತಂತಿಯಲ್ಲಿ ಇಳಿದು ಕಾವಲು ಬೀಳುತ್ತದೆ. 8 ಓಮಿನ ಗುಂಡಿಯೇ ಬೇಕೆಂದೂ ಇಲ್ಲ. ಬೇಸಿಗೆಯಲ್ಲಿ ಒಣಗಿ 200 ಓಮ್ ಆಗಿದ್ದರೂ ಒಂದು ಆಂಪಿಗಿಂತ ಹೆಚ್ಚು ಸೋರುತ್ತದೆ, ಕಾವಲಿಗೆ ಅದು ಧಾರಾಳವಾಯಿತು. ಎಂಸಿಬಿ ಕೇಳುವ 80 ಆಂಪನ್ನು ಕೊಡಲಾಗದ ಮಣ್ಣು, ಕಾವಲು ಕೇಳುವ 30 ಮಿಲಿಆಂಪನ್ನು ಯಾವ ಊರಿನಲ್ಲೂ ಕೊಡುತ್ತದೆ.

ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಮಾತ್ರ ಈ ಕಾವಲು ಉಳಿಸಲಾರದು. ಅವನ ಮೈಯೂ ಅದರ ಕಣ್ಣಿಗೆ ಇನ್ನೊಂದು ಕಾಯಿಲ್, ಹೋದದ್ದೆಲ್ಲ ಮರಳುತ್ತಿದೆ.

ಎಲೆಕ್ಟ್ರಿಷಿಯನ್ ಮಾಡುವ ಎರಡು ಉಪಕಾರ

ಗೀಸರ್ ಹಾಕಿದಾಗಲೆಲ್ಲ ಕಾವಲು ಬೀಳುತ್ತದೆ ಎಂದು ದೂರು ಕೊಟ್ಟರೆ, ಬಂದವರು ಎರಡೇ ನಿಮಿಷದಲ್ಲಿ ಸರಿಮಾಡಿ ಹೋಗುವುದುಂಟು. ಕಾವಲನ್ನೇ ದಾಟಿಸಿ ನೇರ ತಂತಿ ಕೊಟ್ಟಿರುತ್ತಾರೆ. ಪುಡಿ ತೇವ ಹೀರಿದೆ, ಕಾಯಿಲ್ ಬದಲಿಸಿ ಎಂದು ಕಾವಲು ದಿನಾ ಹೇಳುತ್ತಿತ್ತು, ಈಗ ಹೇಳುವವರಿಲ್ಲ. ಕೆಲವೊಮ್ಮೆ ತಪ್ಪು ಗೀಸರಿನದಾಗಿರುವುದಿಲ್ಲ, ಯುಪಿಎಸ್ ಹಾಕುವಾಗ ನ್ಯೂಟ್ರಲ್‌ಗಳನ್ನು ಬೆರೆಸಿಬಿಟ್ಟಿರುತ್ತಾರೆ. ಒಂದು ದಾರಿಯಲ್ಲಿ ಹೋದದ್ದು ಇನ್ನೊಂದರಲ್ಲಿ ಮರಳಿದರೆ ಎಣಿಕೆ ಹೇಗೂ ತಪ್ಪುತ್ತದೆ. ಆಗಲೂ ಹುಡುಕಿ ಬಿಡಿಸಬೇಕಾದದ್ದು ಆ ಗಂಟನ್ನು.

ಎರಡನೆಯ ಉಪಕಾರ ಇನ್ನೂ ಕೆಟ್ಟದ್ದು. ಹಳೆಯ ಮನೆಗಳಲ್ಲಿ ಅರ್ಥ್ ತಂತಿಯೇ ಎಳೆದಿರುವುದಿಲ್ಲ. ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ ಅರ್ಥ್ ತೂತಿಗೆ ಒಂದು ಚೋಟುದ್ದದ ತಂತಿ ಸಿಕ್ಕಿಸಿದರೆ ಟೆಸ್ಟರ್ ಲ್ಯಾಂಪು ಚೆನ್ನಾಗಿ ಉರಿಯುತ್ತದೆ, ಮಾಲೀಕರಿಗೆ ಸಮಾಧಾನವಾಗುತ್ತದೆ. ಆ ತಂತಿ ಇರುವ ಮನೆಯಲ್ಲಿ ನ್ಯೂಟ್ರಲ್ ಎಲ್ಲಾದರೂ ಕಡಿದರೆ, ಒಂದು ಸ್ಕ್ರೂ ಸಡಿಲವಾದರೂ ಸಾಕು, ಕಾಯಿಲನ್ನು ದಾಟಿ ಬಂದ ಕರೆಂಟಿಗೆ ಮರಳುವ ದಾರಿ ಇಲ್ಲವಾಗುತ್ತದೆ. ಅದು ಆ ಚೋಟು ತಂತಿಯ ಮೂಲಕ ಗೀಸರಿನ ಮೈಗೆ ಬಂದು ನಿಲ್ಲುತ್ತದೆ. ಕಾಯಿಲ್ ಹೊಸದು, ಗೀಸರಿನಲ್ಲಿ ಯಾವ ದೋಷವೂ ಇಲ್ಲ, ಆದರೂ ಮೈಯೆಲ್ಲ ಕರೆಂಟು. ಬಾಡಿಗೆ ಮನೆ ಹಿಡಿಯುವವರು ಬಚ್ಚಲಿನ ಟೈಲ್ಸ್ ನೋಡುವಷ್ಟೇ ಆಸ್ಥೆಯಿಂದ ಸಾಕೆಟ್ಟಿನ ಹಿಂಬದಿಯನ್ನು ಬಿಚ್ಚಿ ತೋರಿಸಿ ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಜುಮ್ಮೆನ್ನುವ ನಲ್ಲಿ

ಬಿಸಿನೀರಿನ ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತದೆ, ಅಷ್ಟೇನಿಲ್ಲ ಎಂದು ತಿಂಗಳುಗಟ್ಟಲೆ ಸಹಿಸಿಕೊಂಡವರ ಮಾತನ್ನು ಕೇಳಿರುತ್ತೀರಿ. ಅಷ್ಟೇ ಆಗಿರುವುದಕ್ಕೆ ಕಾರಣ ಪೈಪು. ಹಿಂದೆ ಜಿಐ ಪೈಪು ಇದ್ದಾಗ ಗೀಸರಿನಿಂದ ನಲ್ಲಿಯವರೆಗೆ ಲೋಹವೇ ಲೋಹ. ಈಗಿನ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪಿನಲ್ಲಿ ಕರೆಂಟು ಒಳಗಿನ ನೀರನ್ನೇ ಹಿಡಿದುಕೊಂಡು ಬರಬೇಕು. ನೀರು ನಾವು ಹೆದರುವಷ್ಟು ಒಳ್ಳೆಯ ವಾಹಕವಲ್ಲ. ಬೋರ್‌ವೆಲ್ಲಿನ ಗಡಸು ನೀರು ತುಂಬಿದ ಅರ್ಧ ಇಂಚಿನ ಪೈಪು ಒಂದು ಮೀಟರ್ ಉದ್ದವಿದ್ದರೆ ಅದರ ತಡೆ 80 ಸಾವಿರ ಓಮಿನ ಆಸುಪಾಸು. 230 ವೋಲ್ಟು ಅದರಲ್ಲಿ ತಳ್ಳಬಲ್ಲದ್ದು 3 ಮಿಲಿಆಂಪ್. ಜುಮ್ ಅನ್ನುವುದು ಅದು. ಪೈಪಿನ ಉದ್ದ 20 ಸೆಂಟಿಮೀಟರಿಗೆ ಇಳಿದರೆ ಅದೇ 14 ಮಿಲಿಆಂಪ್ ಆಗಿ ಕೈ ಬಿಡಿಸಲಾಗದ ಮಟ್ಟಕ್ಕೆ ಬರುತ್ತದೆ. ಗೀಸರಿಗೆ ಜೋಡಿಸುವ ಲೋಹದ ಹೆಣಿಗೆಯ ಪೈಪು ನೇರ ಮಿಕ್ಸರ್ ನಲ್ಲಿಗೇ ಬಂದು ಸೇರಿದ್ದರಂತೂ ನಡುವೆ ಯಾವ ತಡೆಯೂ ಉಳಿಯಲಿಲ್ಲ. ಜುಮ್ ಎಂದ ದಿನವೇ ಗೀಸರ್ ಆರಿಸಿ ಜನ ಕರೆಸುವುದು ಲೇಸು.

ಬ್ರೆಜಿಲ್ಲಿನ ಬರಿಯ ತಂತಿಯ ಷವರು ಕೊಲ್ಲದಿರುವುದಕ್ಕೂ ಭಾಗಶಃ ಇದೇ ಕಾರಣ. ಕಾಯಿಲ್‌ಗೂ ಮೈಗೂ ನಡುವೆ ನೀರಿನ ತೆಳುದಾರಿ, ಅದೂ ಷವರಿನಿಂದ ಹೊರಬಿದ್ದ ಮೇಲೆ ಹನಿಹನಿಯಾಗಿ ಒಡೆದು ನಡುವೆ ಗಾಳಿ ತುಂಬಿಕೊಂಡ ದಾರಿ. ಉಳಿದ ಕೆಲಸ ಅರ್ಥ್ ತಂತಿಯದು. ನೀರು ಹಾದುಹೋಗುವಲ್ಲೇ ಅದನ್ನು ಇಟ್ಟು, ಸೋರಿದ ಕರೆಂಟನ್ನು ಹೊರಬೀಳುವ ಮೊದಲೇ ಹಿಡಿಯುತ್ತಾರೆ. ಕಟ್ಟಡಗಳಲ್ಲಿ ಅರ್ಥ್ ತಂತಿ ಇರಲೇಬೇಕೆಂದು 2006ರಲ್ಲಿ ಅಲ್ಲೊಂದು ಕಾನೂನೇ ಬಂತು. ಅದನ್ನು ಜೋಡಿಸದೆ ಬಿಟ್ಟ ಮನೆಗಳ ನಲ್ಲಿಯೂ ಜುಮ್ ಅನ್ನುತ್ತದೆ.

ಗೋಡೆಗೆ ತೂತು ಕೊರೆಯುವ ಮೊದಲು

ಇಷ್ಟು ತಿಳಿದ ಮೇಲೆ ಗೀಸರ್ ಹಾಕಿಸುವ ಕೆಲಸದಲ್ಲಿ ಯಾವುದು ಮುಖ್ಯ, ಯಾವುದು ಅಲಂಕಾರ ಎಂದು ತಾನಾಗಿ ವಿಂಗಡವಾಗುತ್ತದೆ. ನೀರು ಸಂಗ್ರಹಿಸುವ ಗೀಸರಿಗೆ ಐಎಸ್ 2082, ಇನ್‌ಸ್ಟಂಟ್ ಗೀಸರಿಗೆ ಐಎಸ್ 8978 ಎಂಬ ಭಾರತೀಯ ಮಾನಕಗಳಿವೆ. ಐಎಸ್‌ಐ ಗುರುತಿನ ಕೆಳಗೆ ಆ ಅಂಕಿ ಇರಬೇಕು. ಬೋರ್ಡಿನಿಂದ ಗೀಸರಿಗೇ ಎಂದು ಪ್ರತ್ಯೇಕ ತಂತಿ ಎಳೆಸಿ, 4 ಚದರ ಮಿಲಿಮೀಟರಿನದಾದರೆ ನಿಶ್ಚಿಂತೆ. ಸಾಕೆಟ್ಟು 16 ಆಂಪಿನದೇ ಆಗಲಿ, ಷವರಿನ ನೀರು ಸಿಡಿಯದಷ್ಟು ದೂರ ಮತ್ತು ಎತ್ತರದಲ್ಲಿರಲಿ. ಪ್ಲಗ್ಗು ಕಂದು ಬಣ್ಣಕ್ಕೆ ತಿರುಗುತ್ತಿದ್ದರೆ ಒಳಗೆ ಸಡಿಲವಿದೆ.

ಸ್ವಿಚ್ಚಿನ ವಿಷಯದಲ್ಲಿ ತುಸು ನಿಲ್ಲಬೇಕು. ಸ್ನಾನಕ್ಕೆ ಇಳಿಯುವ ಮುಂಚೆ ಗೀಸರ್ ಆರಿಸು ಎಂದು ಹಿರಿಯರು ಹೇಳುವುದು ಭೌತವಿಜ್ಞಾನದ ಪ್ರಕಾರ ಸರಿಯಾದ ಮಾತು, ಒಂದು ಷರತ್ತಿನ ಮೇಲೆ. ಮಾಮೂಲಿ ಸ್ವಿಚ್ಚು ಕಡಿಯುವುದು ಒಂದೇ ತಂತಿಯನ್ನು. ವೈರಿಂಗ್ ಮಾಡಿದವರು ತಪ್ಪಿ ಅದನ್ನು ನ್ಯೂಟ್ರಲಿಗೆ ಹಾಕಿದ್ದರೆ, ಆರಿಸಿದ ಮೇಲೂ ಕಾಯಿಲಿನ ತುಂಬ ಫೇಸ್ ಇದ್ದೇ ಇರುತ್ತದೆ. ಕಾಯುವುದು ನಿಲ್ಲುತ್ತದೆ, ಅಪಾಯ ನಿಲ್ಲುವುದಿಲ್ಲ. ಅದಕ್ಕೇ ಗೀಸರಿಗೆ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಡಿಪಿ ಸ್ವಿಚ್ಚು ಬೇಕು, ಅದೂ ಬಚ್ಚಲಿನ ಬಾಗಿಲಾಚೆ. ಇನ್‌ಸ್ಟಂಟ್ ಗೀಸರಿನಲ್ಲಿ ಮೊದಲೇ ಆರಿಸಿ ಮೀಯುವ ಉಪಾಯ ನಡೆಯದು. ಅದರ ನೀರು ಕಾಯುವುದೇ ನೀವು ಮೀಯುತ್ತಿರುವಾಗ. ಅಲ್ಲಿ ಸೋರಿಕೆ ಕಾವಲು ಇಲ್ಲದೆ ಸ್ನಾನಕ್ಕಿಳಿಯುವುದನ್ನು ನಾನಂತೂ ಒಪ್ಪಲಾರೆ.

ಕರೆಂಟಿಗೆ ಸಂಬಂಧಿಸದ ಸಂಗತಿಗಳೂ ಇವೆ. 25 ಲೀಟರಿನ ಗೀಸರ್ ತುಂಬಿದಾಗ ನೀರೇ 25 ಕಿಲೋ, ಜೊತೆಗೆ ಡಬ್ಬಿ. ಟೊಳ್ಳು ಬ್ಲಾಕಿನ ಗೋಡೆಗೆ ಸಾದಾ ಸ್ಕ್ರೂ ಸಾಲದು. ಮೊದಲ ಸಲ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬಂದ ಮೇಲೆಯೇ ಸ್ವಿಚ್ ಹಾಕಬೇಕು, ಖಾಲಿ ಡಬ್ಬಿಯಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಒಂದು ಲೋಟದಷ್ಟು ಹಿಗ್ಗುತ್ತದೆ; ಸುರಕ್ಷತಾ ವಾಲ್ವಿನಿಂದ ತೊಟ್ಟಿಕ್ಕುವುದು ಆ ಹಿಗ್ಗು. ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಮುಚ್ಚಳ ಬಿಗಿದರೆ ಒತ್ತಡ ಹೋಗಲು ದಾರಿಯಿಲ್ಲದೆ ಡಬ್ಬಿಯೇ ಸಿಡಿಯಬಹುದು. ತಾರಸಿಯ ಸೋಲಾರ್ ಹೀಟರಿನಲ್ಲೂ ಮೋಡದ ದಿನಗಳಿಗೆಂದು ಕರೆಂಟಿನ ಕಾಯಿಲ್ ಇಟ್ಟಿದ್ದರೆ, ಬಿಸಿಲಿನದ್ದು ತಾನೆ ಎಂದು ಅದನ್ನು ಈ ಲೆಕ್ಕದಿಂದ ಹೊರಗಿಡಬೇಡಿ. ಗ್ಯಾಸ್ ಗೀಸರಿನ ಅಪಾಯ ಬೇರೆಯೇ ಜಾತಿಯದು: ಗಾಳಿಯಾಡದ ಬಚ್ಚಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ತುಂಬಿಕೊಳ್ಳುತ್ತದೆ, ಅದಕ್ಕೆ ಯಾವ ಸೋರಿಕೆ ಕಾವಲೂ ಬೀಳುವುದಿಲ್ಲ.

ಗುಂಡಿ ಹೇಳುವುದು ಅರ್ಧ

ಸೋರಿಕೆ ಕಾವಲಿನ ಮೇಲಿನ ಟಿ ಎಂದು ಬರೆದ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು; ವರ್ಷಗಟ್ಟಲೆ ಅಲುಗದ ಚಿಲಕ ಬೇಕಾದಾಗ ಜಾರದೆ ಕಚ್ಚಿಕೊಳ್ಳಬಹುದು. ಒತ್ತಿದಾಗ ಪೆಟ್ಟಿಗೆಯೊಳಗೇ ಒಂದು ಚೂರು ಕರೆಂಟು ಉಂಗುರವನ್ನು ಬಳಸಿಕೊಂಡು ಹೋಗಿ, ಬೇಕೆಂದೇ ಎಣಿಕೆ ತಪ್ಪಿಸುತ್ತದೆ. ಥಟ್ಟನೆ ಬಿದ್ದರೆ ಕಾವಲು ಎಚ್ಚರವಾಗಿದೆ. ಆದರೆ ಈ ಪರೀಕ್ಷೆಯಲ್ಲಿ ಅರ್ಥ್ ತಂತಿಗೆ ಪಾತ್ರವೇ ಇಲ್ಲ. ಅರ್ಥ್ ಇಲ್ಲದ ಮನೆಯಲ್ಲೂ ಗುಂಡಿ ಒತ್ತಿದರೆ ಕಾವಲು ಅಷ್ಟೇ ಚುರುಕಾಗಿ ಬೀಳುತ್ತದೆ. ಅರ್ಥ್ ಗುಂಡಿಯನ್ನು ಬೇರೆಯಾಗಿಯೇ, ಅರ್ಥ್ ಟೆಸ್ಟರ್ ಇಟ್ಟುಕೊಂಡಿರುವವರಿಂದ ಅಳೆಸಬೇಕು. ಆಗಸ್ಟಿನಲ್ಲಿ ಅಳೆಸಿದರೆ ನೆಂದ ಮಣ್ಣು ಅಂಕಿಯನ್ನು ಚೆಂದ ಮಾಡಿ ತೋರಿಸುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ, ಗುಂಡಿಗೆ ನೀರು ಸುರಿಯದೆ ಅಳೆಯಲು ಹೇಳಿ.